ಮೈಟಾಸಿಸ್: ಈರುಳ್ಳಿ ಬೇರಿನಲ್ಲಿ ಕಾಣುವುದು, ಕಾಣದ್ದು

ಮೈಟಾಸಿಸ್ ಅಂದರೆ ಜೀವಕೋಶದ ಕೋಶಕೇಂದ್ರ ಎರಡಾಗುವ ಕ್ರಿಯೆ. ಹುಟ್ಟುವ ಎರಡೂ ಕೋಶಗಳಿಗೆ ತಾಯಿಕೋಶದಲ್ಲಿ ಇದ್ದಷ್ಟೇ ವರ್ಣತಂತುಗಳು (ವಂಶದ ಮಾಹಿತಿ ಹೊತ್ತ ಡಿಎನ್‌ಎ ಇರುವ ಎಳೆಗಳು) ಸಿಗುತ್ತವೆ. ಗಾಯ ಮಾಯುವುದು, ಮಗು ಬೆಳೆಯುವುದು, ಬೇರು ಇಳಿಯುವುದು ಎಲ್ಲದರ ಹಿಂದೆಯೂ ಇದೇ ಇದೆ. ಅಣ್ಣತಮ್ಮಂದಿರು ಬೇರೆಯಾದರೆ ಹೊಲ ಅರ್ಧರ್ಧ ಪಾಲಾಗುತ್ತದೆ. ಇಲ್ಲಿ ಹಾಗಲ್ಲ, ಇಬ್ಬರಿಗೂ ಇಡೀ ಆಸ್ತಿ! ಯಾಕೆಂದರೆ ಪಾಲು ಮಾಡುವ ಮೊದಲೇ ಎಲ್ಲದಕ್ಕೂ ಇನ್ನೊಂದು ಪ್ರತಿ ತಯಾರಾಗಿರುತ್ತದೆ. ಆ ತಯಾರಿಯೂ ಸೇರಿದ ಪೂರ್ತಿ ಸುತ್ತಿಗೆ ಕೋಶಚಕ್ರ ಎನ್ನುತ್ತಾರೆ.

ಇದನ್ನು ನೋಡಲು ಚಿತ್ರದುರ್ಗದವರು ದೂರ ಹೋಗಬೇಕಿಲ್ಲ. ಚಳ್ಳಕೆರೆ, ಹಿರಿಯೂರು ಕಡೆ ಬೆಳೆಯುವ ಈರುಳ್ಳಿಯೇ ಸಾಕು, ಪಿಯುಸಿ ಲ್ಯಾಬಿನಲ್ಲಿ ಬಳಸುವುದೂ ಅದನ್ನೇ. ಒಣಗಿದ ಹಳೇ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಗಡ್ಡೆಯನ್ನು ಲೋಟದ ಮೇಲೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. (ಈಗಷ್ಟೇ ಕಿತ್ತ ಗಡ್ಡೆ ಬೇರು ಬಿಡಲು ಸತಾಯಿಸುತ್ತದೆ. ಕೆಲವು ವಾರ ಇಟ್ಟದ್ದು ವಾಸಿ.) ಕೋಶಗಳು ಜಾಸ್ತಿ ಒಡೆಯುವುದು ಬೇರಿನ ತುದಿಯ ಒಂದೆರಡು ಮಿಲಿಮೀಟರ್‌ನಲ್ಲಿ. ಆ ತುದಿಯನ್ನು ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿದರೆ ಪ್ರತಿ ಕೋಶವೂ ಆ ಹೊತ್ತಿಗೆ ಎಲ್ಲಿತ್ತೋ ಅಲ್ಲೇ ಸತ್ತು ನಿಲ್ಲುತ್ತದೆ. ಆಮೇಲೆ ಬಣ್ಣ ಹಾಕಿ, ಸ್ಲೈಡಿನ ಮೇಲೆ ಮೆಲ್ಲಗೆ ಒತ್ತಿ ನೋಡುವುದು.

ಪಠ್ಯದ ನಾಲ್ಕು ಹಂತಗಳು ಇಲ್ಲಿ ಸಿಗುತ್ತವೆ. ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುರುಳಿ ಸುತ್ತಿಕೊಂಡು ದಪ್ಪಗಾಗುತ್ತವೆ. ಮೆಟಾಫೇಸ್‌ನಲ್ಲಿ ನಡುವೆ ಸಾಲು ನಿಲ್ಲುತ್ತವೆ. ಅನಾಫೇಸ್‌ನಲ್ಲಿ ಪ್ರತಿ ಜೋಡಿ ಪ್ರತಿಗಳು ಬಿಡಿಸಿಕೊಂಡು ಎರಡು ತುದಿಗೆ ಸರಿಯುತ್ತವೆ. ಈರುಳ್ಳಿಯ 16 ವರ್ಣತಂತುಗಳು ಆಗ ಸ್ವಲ್ಪ ಹೊತ್ತು 32 ಆಗಿರುತ್ತವೆ. ಟೆಲೊಫೇಸ್‌ನಲ್ಲಿ ಎರಡು ಕೋಶಕೇಂದ್ರ ಸಿದ್ಧ. ಆಮೇಲೆ ನಡುವೆ ಹೊಸ ಗೋಡೆ ಏಳುತ್ತದೆ.

ಆದರೆ ಸ್ಲೈಡಿನ ತುಂಬ ಕಾಣುವುದು ಇವಲ್ಲ. ಹೆಚ್ಚಿನ ಕೋಶಗಳಲ್ಲಿ ಸುಮ್ನೆ ಒಂದು ದುಂಡು ಕೋಶಕೇಂದ್ರ ಇರುತ್ತದೆ, ಅಷ್ಟೇ. ಅನಾಫೇಸ್ ಹುಡುಕುವ ಭರದಲ್ಲಿ ಹುಡುಗರು ಅವನ್ನು ದಾಟಿಬಿಡುತ್ತಾರೆ. ನನಗೆ ಕೇಳಿದರೆ ಮೊದಲು ಎಣಿಸಬೇಕಾದ್ದು ಅವನ್ನೇ. ಒಂದೊಂದು ಕೋಶ ಒಂದೊಂದು ಹಂತದಲ್ಲಿ ನಿಂತಿದೆ ಅಂದಮೇಲೆ, ಜಾಸ್ತಿ ಹೊತ್ತು ಹಿಡಿಯುವ ಹಂತವೇ ಜಾಸ್ತಿ ಕಾಣಬೇಕು, ಅಲ್ವಾ? ದುಂಡು ಕೋಶಕೇಂದ್ರದ ಈ ಹಂತವೇ ಇಂಟರ್‌ಫೇಸ್. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು. ಅದರಲ್ಲಿ ಮೈಟಾಸಿಸ್‌ಗೆ ಸುಮಾರು ಒಂದೇ ಗಂಟೆ.

1882ರಲ್ಲಿ ಮೈಟಾಸಿಸ್ ಎಂದು ಹೆಸರಿಟ್ಟ ಜರ್ಮನಿಯ ವಾಲ್ಥರ್ ಫ್ಲೆಮಿಂಗ್‌ಗೆ ಉಳಿದ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ತಿಳಿಯುವ ದಾರಿ ಇರಲಿಲ್ಲ. ಅದನ್ನು ತೋರಿಸಿದ್ದೂ ಒಂದು ಬೇರೇ! ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಒಂದು ಜಾತಿಯ ಅವರೆ ಬೇರಿಗೆ ವಿಕಿರಣ ಸೂಸುವ ರಂಜಕ (ಫಾಸ್ಫರಸ್) ಕೊಟ್ಟು ನೋಡಿದರು. ಡಿಎನ್‌ಎ ಅದನ್ನು ಹೀರಿಕೊಂಡದ್ದು ಇಂಟರ್‌ಫೇಸ್‌ನ ಒಂದು ಭಾಗದಲ್ಲಿ ಮಾತ್ರ. ಹೊಸ ಪ್ರತಿ ತಯಾರಾಗುವ ಆ ಭಾಗಕ್ಕೆ ಎಸ್ ಹಂತ ಎಂದರು. ಹಿಂದಿನ ಬಿಡುವು ಜಿ1, ಮುಂದಿನದು ಜಿ2. 1953ರಲ್ಲಿ ಪ್ರಕಟವಾದ ಈ ಹೆಸರುಗಳೇ ಇವತ್ತಿಗೂ ಪಠ್ಯದಲ್ಲಿವೆ. ಜಿ1, ಜಿ2 ಬಿಡುವು ಅಂದರೂ ಕೋಶ ಕೈಕಟ್ಟಿ ಕೂತಿರುವುದಿಲ್ಲ. ಬೆಳೆಯುತ್ತದೆ, ಪ್ರೋಟೀನ್ ತಯಾರಿಸುತ್ತದೆ. ಡಿಎನ್‌ಎ ಕೆಟ್ಟಿದ್ದರೆ ಮುಂದಕ್ಕೆ ಬಿಡದೆ ತಡೆಯುವ ತಪಾಸಣೆಗಳೂ ಇವೆ. ನಮ್ಮ ನರಕೋಶಗಳಲ್ಲಿ ಬಹುತೇಕ ಎಲ್ಲವೂ ಚಕ್ರದಿಂದಲೇ ಹೊರಗೆ ನಿಂತಿವೆ. ಅದಕ್ಕೆ ಜಿ0 ಎಂದು ಹೆಸರು.

ತಪಾಸಣೆ ಕೆಟ್ಟು ಕೋಶ ಒಂದೇಸಮನೆ ಒಡೆಯತೊಡಗಿದರೆ ಕ್ಯಾನ್ಸರ್ ಆಗಬಹುದು. ಅದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ನಮ್ಮ ಅಂಗಳದ ನಿತ್ಯಪುಷ್ಪ ಗಿಡದ್ದು. ವರ್ಣತಂತುಗಳನ್ನು ಎಳೆಯುವ ಕದಿರಿನ ಎಳೆಗಳೇ ಕಟ್ಟದಂತೆ ಅದು ತಡೆಯುತ್ತದೆ. ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಇಂಥ ಔಷಧಗಳಿಗೆ ರೋಗದ ಕೋಶ ಯಾವುದು, ಒಳ್ಳೆಯದು ಯಾವುದು ಎಂದು ಸರಿಯಾಗಿ ಗುರುತು ಸಿಗುವುದಿಲ್ಲ. ಬೇಗ ಬೇಗ ಒಡೆಯುವ ಕೂದಲ ಬುಡದ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಕೀಮೋ ತೆಗೆದುಕೊಂಡವರ ಕೂದಲು ಉದುರುವುದು ಇದಕ್ಕೇ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ.