ಸರಳ ಫ್ಲೈಯೋ, ಸಂಕೀರ್ಣ ಫ್ಲೈಯೋ? ಕಟ್ಟಲು ಕಲಿಯುವವರಿಗೆ ಟಿಪ್ಪಣಿ

ಕಕ್ಕಡದ ಮಳೆಗೆ ಕಾವೇರಿ ಕೆಂಪಾಗಿ ತುಂಬಿ ಹರಿಯುವಾಗ ಫ್ಲೈ (ಮೀನು ಹಿಡಿಯಲು ಗಾಳಕ್ಕೆ ಗರಿ, ಕೂದಲು ಸುತ್ತಿ ಮಾಡುವ ಹುಸಿ ಹುಳ ಅಥವಾ ಹುಸಿ ಮೀನು) ಬೀಸಿ ಪ್ರಯೋಜನವಿಲ್ಲ. ಕೊಡಗಿನಲ್ಲಿ ಫ್ಲೈ ಕಟ್ಟುತ್ತಾ ಕೂರಲು ಅದೇ ಒಳ್ಳೆಯ ಕಾಲ. ಆಗ ಹೊಸಬರು ಕೇಳುವುದು ಒಂದೇ: ಸುಲಭದ್ದು ಕಟ್ಟಲಾ, ಚೆಂದದ್ದು ಕಟ್ಟಲಾ? ನಾನು ಹೇಳುವುದಿಷ್ಟು. ಗಾಳಕ್ಕೆ ಸುತ್ತುವ ಒಂದೊಂದು ವಸ್ತುವೂ ನೀರಿನೊಳಗೆ ಏನು ಕೆಲಸ ಮಾಡುತ್ತದೆ ಅಂತ ನೋಡಿ. ಕೆಲಸವಿಲ್ಲದ್ದು ನಮ್ಮ ಕಣ್ಣಿಗೆ ಚೆಂದ, ಅಷ್ಟೇ.

ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ಕಟ್ಟಿದ ಫೆಸೆಂಟ್ ಟೇಲ್ ನಿಂಫ್ ನೋಡಿ. ಅದರಲ್ಲಿರುವುದು ಫೆಸೆಂಟ್ ಹಕ್ಕಿಯ ಬಾಲದ ಎಳೆ ಮತ್ತು ಸಣ್ಣ ತಾಮ್ರದ ತಂತಿ. ನೂಲೇ ಇಲ್ಲ! ಎಳೆಗಳನ್ನು ಕಟ್ಟುವುದೂ ತಂತಿ, ಫ್ಲೈ ಮುಳುಗಿಸುವುದೂ ತಂತಿ, ಹೊಳಪು ಕೊಡುವುದೂ ತಂತಿಯೇ.

ಇನ್ನೊಂದು ತುದಿಯಲ್ಲಿ ಜಾಕ್ ಸ್ಕಾಟ್. 19ನೇ ಶತಮಾನದ ಸಾಲ್ಮನ್ ಫ್ಲೈ. ಹಳದಿ ಮತ್ತು ಕಪ್ಪು ರೇಷ್ಮೆಯ ಮೈ, ದೇಶದೇಶದ ಹಕ್ಕಿಗಳ ಗರಿ. ಅದರ ಎರಡು ಪಕ್ಕಕ್ಕೆ ಕಟ್ಟುವ ಮೇಣದಂಥ ಚುಕ್ಕಿಯ ಗರಿ ನಮ್ಮ ಕಾಡುಕೋಳಿಯ ಕುತ್ತಿಗೆಯದ್ದು. ನಮ್ಮ ಕಾಫಿ ತೋಟದ ಅಂಚಿನಲ್ಲಿ ಬೆಳಗ್ಗೆ ಕೂಗುವ ಅದೇ ಹಕ್ಕಿ! ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಮುಟ್ಟುವ ಹಾಗಿಲ್ಲ. ಜಾಕ್ ಸ್ಕಾಟ್ ಕಟ್ಟುವುದು ದೊಡ್ಡ ಕಲೆ, ನಿಜ. ಕಲಿಯುವವರಿಗೆ ಮಾತ್ರ ಅದು ಮೊದಲ ಪಾಠವಲ್ಲ.

ಮೊದಲ ಪಾಠಕ್ಕೆ ವೂಲಿ ಬಗರ್ ಸಾಕು. ಗಾಳದ ಕಣ್ಣಿನ (ದಾರ ಕಟ್ಟುವ ತೂತಿನ) ಹಿಂದೆ ಸ್ವಲ್ಪ ಜಾಗ ಬಿಟ್ಟು ದಂಡಿಗೆ, ಅಂದರೆ ಗಾಳದ ನೇರ ಭಾಗಕ್ಕೆ, ನೂಲು ಸುತ್ತಿ. ಆ ಜಾಗ ಉಳಿಸಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಗಂಟು ಹಾಕಲು ಎಡೆಯೇ ಸಿಗುವುದಿಲ್ಲ. ಬಾಲಕ್ಕೆ ದಂಡಿನಷ್ಟೇ ಉದ್ದದ ಮಾರಬು, ಅಂದರೆ ಮೆತ್ತನೆಯ ನಯವಾದ ಗರಿ. ಮೈಗೆ ಶೆನಿಲ್, ಅಂದರೆ ರೋಮರೋಮದ ದಪ್ಪ ನೂಲು. ಅದರ ಮೇಲೆ ಬಿಡಿಬಿಡಿಯಾಗಿ ಹುಂಜದ ಹ್ಯಾಕಲ್, ಅಂದರೆ ಕುತ್ತಿಗೆ ಅಥವಾ ಬೆನ್ನಿನ ಉದ್ದನೆಯ ಗರಿ. ಗರಿಯ ತುದಿಯನ್ನು ಬಾಲದ ಕಡೆ ಕಟ್ಟಿ ಮುಂದಕ್ಕೆ ಸುತ್ತಿದರೆ ಹಿಂದೆ ಗಿಡ್ಡ ಎಳೆ, ಮುಂದೆ ಉದ್ದ ಎಳೆ ಬರುತ್ತದೆ. ಮನೆಯ ನಾಟಿ ಹುಂಜದ ಗರಿಯೂ ಆಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಟ್ಟಿದ ಮೇಲೆ ಲೋಟದ ನೀರಿನಲ್ಲಿ ಅದ್ದಿ ಎಳೆದು ನೋಡಿ. ಒಣಗಿದಾಗ ಪೊದೆಯ ಹಾಗಿದ್ದ ಬಾಲ ಸಣ್ಣಗಾಗಿ ಬಳುಕುತ್ತದೆ. ಮಾರಬು ಜಾಸ್ತಿ ಹಾಕಿದ್ದರೆ ಬಳುಕು ಕಡಿಮೆ. ಅರ್ಧ ತೆಗೆದು ಮತ್ತೆ ಕಟ್ಟಿ.

ನಂತರ ಕ್ಲೌಸರ್ ಮಿನ್ನೋ. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನ ನದಿಯ ಬಾಸ್ ಮೀನಿಗೆಂದು ರೂಪಿಸಿದ್ದು. ಡಂಬೆಲ್ ಆಕಾರದ ಲೋಹದ ಕಣ್ಣನ್ನು ದಂಡಿನ ಮೇಲ್ಬದಿಗೆ ಕಟ್ಟುತ್ತಾರೆ. ಆ ತೂಕಕ್ಕೆ ಫ್ಲೈ ತಲೆಕೆಳಗಾಗಿ ಗಾಳದ ಮೊನೆ ಮೇಲಾಗುತ್ತದೆ, ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಬಂಡೆಗಳೇ ತುಂಬಿರುವ ನಮ್ಮ ಹೊಳೆಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಮೂಲದಲ್ಲಿ ಜಿಂಕೆ ಬಾಲದ ಕೂದಲು ಹಾಕುತ್ತಾರೆ. ಇಲ್ಲಿ ಆಡಿನ ಕೂದಲು ಅಥವಾ ಸಿಂಥೆಟಿಕ್ ನಾರು ಬಳಸಿ.

ಹಾಗಾದರೆ ಸಂಕೀರ್ಣ ಫ್ಲೈ ಸುಮ್ನೆ ಶೋಕಿಯಾ? ಅಲ್ಲ. ದೊಡ್ಡ ಮೀನಿಗೆ ಉದ್ದದ ಫ್ಲೈ ಬೇಕೆನ್ನಿ. ಉದ್ದ ದಂಡಿನ ಒಂದೇ ಗಾಳಕ್ಕೆ ಕಟ್ಟಿದರೆ ಅದು ಸೆಟೆದು ನಿಲ್ಲುತ್ತದೆ. ಮೀನು ತಲೆ ಕೊಡವಿದಾಗ ಆ ಉದ್ದದ ದಂಡೇ ಸನ್ನೆಕೋಲಾಗಿ ಗಾಳ ಕಳಚಿಕೊಳ್ಳಬಹುದು. ಅಮೆರಿಕದ ಬ್ಲೇನ್ ಚಾಕ್ಲೆಟ್ ರೂಪಿಸಿದ ಗೇಮ್ ಚೇಂಜರ್ ಎಂಬ ಫ್ಲೈನಲ್ಲಿ ತುಂಡು ತುಂಡು ದಂಡುಗಳನ್ನು ಕೊಂಡಿ ಕೊಂಡಿಯಾಗಿ ಜೋಡಿಸುತ್ತಾರೆ. ಮೈ ಮೀನಿನಂತೆ ಓಲಾಡುತ್ತದೆ, ಗಾಳ ಗಿಡ್ಡವಾಗಿಯೇ ಉಳಿಯುತ್ತದೆ. ಅಲ್ಲಿ ಪ್ರತಿ ಕೀಲಿಗೂ ಕೆಲಸವಿದೆ. ಕಟ್ಟಲು ಸಮಯ ಮಾತ್ರ ಬಹಳ ಹಿಡಿಯುತ್ತದೆ. ಬಂಡೆಗೆ ಸಿಕ್ಕಿ ಹರಿದುಹೋದರೆ ಹೊಟ್ಟೆ ಉರಿಯುತ್ತದೆ, ಹಾಗಾಗಿ ಬಂಡೆ ಸಂದಿಗೆ ಎಸೆಯಲು ಕೈಯೇ ಹಿಂಜರಿಯುತ್ತದೆ. ಕ್ಲೌಸರ್ ಆದರೆ ಆ ಸಂಕೋಚವಿಲ್ಲ.

ಫ್ಲೈ ಯಾವುದೇ ಇರಲಿ, ಗಾಳದಲ್ಲಿ ಕಂಜೂಸುತನ ಬೇಡ. ನಮ್ಮ ಹೊಳೆಯ ಮಹಶೀರ್ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಅಲ್ಲಿ ಸಿಕ್ಕಿದ ತೆಳು ಗಾಳವನ್ನು ಅದು ಜಜ್ಜಿಬಿಡುತ್ತದೆ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿದೆ ಎಂದು 2018ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಗೆ ಸೇರಿದೆ. ಅದಕ್ಕೇ ಮೊದಲು ಅನುಮತಿ ಪಡೆಯಿರಿ, ಹಿಡಿದದ್ದನ್ನು ನೀರಿಗೇ ಬಿಡಿ. ವೈಸ್‌ಗೆ (ಕಟ್ಟುವಾಗ ಗಾಳ ಹಿಡಿದಿಡುವ ಸಾಧನಕ್ಕೆ) ಗಾಳ ಸಿಕ್ಕಿಸುವ ಮೊದಲೇ ಮೊನೆಯ ಹಿಂದಿರುವ ಸಣ್ಣ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಒತ್ತುವಾಗ ಮೊನೆ ಮುರಿದರೆ ಹೋಗುವುದು ಬರೀ ಗಾಳ, ಕಟ್ಟಿ ಮುಗಿಸಿದ ಫ್ಲೈ ಅಲ್ಲ.