ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರಬಾರದು, ಏಕೆ?

ಇಂಧನದ ಗುಣಮಟ್ಟಕ್ಕೆ ಭಾರತದ ಮಾನಕಗಳಿವೆ: ಪೆಟ್ರೋಲಿಗೆ ಐಎಸ್ 2796, ಡೀಸೆಲ್‌ಗೆ ಐಎಸ್ 1460. ಎರಡೂ ಮಾನಕಗಳಲ್ಲಿ ಹತ್ತಾರು ಮಿತಿಗಳಿವೆ. ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮೇಲೆ ಒಂದೂ ಉಳಿಯುವುದಿಲ್ಲ. ಗಂಧಕದ ಮಿತಿ ಒಂದನ್ನೇ ಬಿಡಿಸಿ ನೋಡಿದರೆ ಉಳಿದವು ಹೇಗೆ ಹುಟ್ಟಿದವೆಂಬುದು ತಾನಾಗಿ ತಿಳಿಯುತ್ತದೆ.

ಡೀಸೆಲ್‌ನಲ್ಲಿ ಬಿಎಸ್-3 (ಭಾರತ್ ಸ್ಟೇಜ್, ವಾಹನದ ಹೊಗೆಗೆ ಹಾಕಿದ ಮಿತಿಗಳ ಹಂತ) ಕಾಲದಲ್ಲಿ 350 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ 350 ಭಾಗದವರೆಗೆ, ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಬಂದಾಗ 10. ಈ 10 ಬಂದದ್ದು ರಿಫೈನರಿಯ ಅನುಕೂಲ ನೋಡಿ ಅಲ್ಲ, ವಾಹನದ ಹೊಗೆಕೊಳವೆಯಲ್ಲಿರುವ ಭಾಗಗಳನ್ನು ನೋಡಿ.

ಬಿಎಸ್-6 ಲಾರಿಯ ಹೊಗೆ ಮೊದಲು ಪ್ಲಾಟಿನಂ ಲೇಪಿಸಿದ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕಾಗಿಸುವ ಭಾಗ) ಮೂಲಕ, ಆಮೇಲೆ ಮಸಿ ಹಿಡಿಯುವ ಫಿಲ್ಟರ್ ಮೂಲಕ ಹೋಗುತ್ತದೆ. ಗಂಧಕ ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಆ ಲೋಹದ ಮೇಲೆ ಕೂತು ಬೇರೆ ಅನಿಲಗಳಿಗೆ ಜಾಗ ಬಿಡುವುದಿಲ್ಲ. ಹೊಗೆ ಬಹಳ ಬಿಸಿಯಾದಾಗ ಇನ್ನೊಂದು ತೊಂದರೆ: ಅದೇ ಕ್ಯಾಟಲಿಸ್ಟ್ ಆ ಸಲ್ಫರ್ ಡೈಆಕ್ಸೈಡನ್ನು ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತದೆ, ಅದು ನೀರಾವಿಯೊಡನೆ ಸೇರಿ ಸಲ್ಫೇಟ್ ಕಣವಾಗುತ್ತದೆ. ತುಂಬಿದ ಲಾರಿ ಅರಬೈಲ್ ಘಾಟಿ ಏರುವಾಗ ಹೊಗೆ ಹೀಗೆ ಬಿಸಿಯಾಗುತ್ತದೆ. ಕಣ ತಡೆಯಲು ಹಾಕಿದ ಸಲಕರಣೆಯೇ ಕಣ ಹುಟ್ಟಿಸತೊಡಗುತ್ತದೆ.

ಒಂದೇ ಇಂಧನ ಎಲ್ಲ ಊರಲ್ಲೂ ಸಿಗಬೇಕು ಎಂಬುದೂ ಇದರಿಂದಲೇ. 2010ರಲ್ಲಿ ಬಿಎಸ್-4 ದೊಡ್ಡ ನಗರಗಳಿಗಷ್ಟೇ ಬಂತು, ದೇಶಕ್ಕೆಲ್ಲ ತಲುಪಿದ್ದು 2017ರಲ್ಲಿ. ಆ ನಡುವೆ ಊರೂರು ತಿರುಗುವ ಲಾರಿಗಳಿಗೆ ಒಮ್ಮೆ ಒಳ್ಳೆಯದು, ಒಮ್ಮೆ ಹಳೆಯದು. ಇಂಧನದ ನೀತಿಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಇಲ್ಲ.

ಒಂದು ಮಿತಿ ಬಿಗಿ ಮಾಡಿದರೆ ಇನ್ನೊಂದು ಬೇಕಾಗುತ್ತದೆ. ಗಂಧಕ ತೆಗೆಯಲು ಹೈಡ್ರೋಜನ್ ಹಾಯಿಸುವಾಗ ಡೀಸೆಲ್‌ಗೆ ಸಹಜವಾಗಿದ್ದ ಜಿಡ್ಡಿನ ಗುಣವೂ ಹೋಗುತ್ತದೆ, ಪಂಪ್ ಮತ್ತು ಇಂಜೆಕ್ಟರ್ ಸವೆಯುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ಆ ಡೀಸೆಲ್ಲಿನಲ್ಲಿ ಉಜ್ಜಿದ ಲೋಹದ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದೆಂಬ ಮಿತಿ ಇದೆ. ಅದನ್ನು ಮುಟ್ಟಲು ರಿಫೈನರಿಗಳು ಜಿಡ್ಡಿನ ಗುಣ ಕೊಡುವ ಲೂಬ್ರಿಸಿಟಿ ಅಡಿಟಿವ್ ಬೆರೆಸುತ್ತವೆ.

ಇನ್ನು ಸಾಗಾಟ. 12,000 ಲೀಟರ್ ಟ್ಯಾಂಕರ್‌ನಲ್ಲಿ 8 ಪಿಪಿಎಂ ಡೀಸೆಲ್ ಹೊರಟಿತೆನ್ನಿ. ತಳದಲ್ಲಿ ಹಿಂದಿನ ಲೋಡಿನ 50 ಲೀಟರ್ ಸೀಮೆಎಣ್ಣೆ ಉಳಿದಿದ್ದು, ಅದರಲ್ಲಿ 1,500 ಪಿಪಿಎಂ ಗಂಧಕವಿದ್ದರೆ, ಕಾರವಾರದ ಬಂಕಿಗೆ ಇಳಿಯುವುದು ಸುಮಾರು 14 ಪಿಪಿಎಂ. ರಿಫೈನರಿ 10ರ ಅಂಚಿನಲ್ಲಿ ಕಳಿಸದೆ ಇನ್ನೂ ಕೆಳಗೆ ಇಟ್ಟುಕೊಳ್ಳುವುದು ಇದಕ್ಕೇ. ಮಿತಿ ಅನ್ವಯಿಸಬೇಕಾದದ್ದು ನಾಝಲ್‌ನಲ್ಲಿ.

ಬಂಕಿನ ಸಾಂದ್ರತೆ ಪರೀಕ್ಷೆ ಇದನ್ನು ಹಿಡಿಯದು. ಆ ಪರೀಕ್ಷೆಯಲ್ಲಿ ಮಾಪಕ ತೋರಿದ ಅಂಕಿಯನ್ನು 15 ಡಿಗ್ರಿಗೆ ತಿದ್ದಬೇಕು. ಡೀಸೆಲ್‌ಗೆ ಪ್ರತಿ ಡಿಗ್ರಿಗೆ ಸುಮಾರು 0.7 ಕೆಜಿ/ಘನ ಮೀಟರ್ ಕೂಡಿಸಬೇಕು, ಅಂದರೆ 30 ಡಿಗ್ರಿಯಲ್ಲಿ 825 ತೋರಿದರೆ ನಿಜವಾದದ್ದು 835ರ ಆಸುಪಾಸು. ಟ್ಯಾಂಕರಿನ ಬಿಲ್ಲಿನಲ್ಲಿ ಬರೆದ ಸಾಂದ್ರತೆಗಿಂತ 3 ಕೆಜಿ/ಘನ ಮೀಟರ್ ಆಚೀಚೆ ಇದ್ದರೆ ಒಪ್ಪಿಗೆ. ಮೇಲಿನ 50 ಲೀಟರ್ ಸೀಮೆಎಣ್ಣೆ ಅದನ್ನು 0.2ರಷ್ಟೂ ಕದಲಿಸದು. ಗಂಧಕಕ್ಕೆ ಪ್ರಯೋಗಾಲಯವೇ ಬೇಕು.

ಕರಾವಳಿಯ ಮಳೆಗಾಲದಲ್ಲಿ ನೋಡಬೇಕಾದದ್ದು ನೀರು. ಡೀಸೆಲ್‌ಗೆ ಮಿತಿ 200 ಮಿಲಿಗ್ರಾಂ/ಕೆಜಿ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಸ್ವಲ್ಪ ನೀರು ಕರಗಿ ಕಾಣದೇ ಹೋಗುತ್ತದೆ. ಅಳತೆ ಮೀರಿದಾಗ ಎಥನಾಲ್ ನೀರಿನೊಡನೆ ತಳಕ್ಕಿಳಿಯುತ್ತದೆ, ಮೇಲಿನ ಪೆಟ್ರೋಲಿನ ಆಕ್ಟೇನ್ (ಇಂಜಿನ್ ಬಡಿತ ತಡೆಯುವ ಗುಣ) ಬೀಳುತ್ತದೆ. ಮಾಮೂಲಿ ವಾಟರ್ ಪೇಸ್ಟ್ ಈ ತಳದ ಪದರಕ್ಕೆ ಸರಿಯಾಗಿ ಬಣ್ಣ ಬದಲಿಸದಿರಬಹುದು. ಎಥನಾಲ್‌ಗೆಂದೇ ಮಾಡಿದ ಪೇಸ್ಟ್ ಹಚ್ಚಿ ಅಳತೆಗೋಲನ್ನು ಟ್ಯಾಂಕಿಗೆ ಇಳಿಸಬೇಕು. ಮಳೆನೀರು ಒಳಗಿಳಿಯದಂತೆ ಟ್ಯಾಂಕಿನ ಮ್ಯಾನ್‌ಹೋಲ್ ಮುಚ್ಚಳ ಮತ್ತು ತುಂಬುವ ಬಾಯಿಯ ಗ್ಯಾಸ್ಕೆಟ್‌ಗಳನ್ನು ಜೂನ್‌ಗೆ ಮೊದಲೇ ಬದಲಿಸಬೇಕು.