ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡ್ತಾರಾ?

ಪ್ರಶ್ನೆ: ಚೀನಾದಲ್ಲಿ ಅರಿವಳಿಕೆ ಕೊಡದೆ, ಅಕ್ಯುಪಂಕ್ಚರ್ ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ಯುತ್ತಾರಂತೆ. ಒಬ್ಬ ಅಮೆರಿಕನ್ ಪತ್ರಕರ್ತನಿಗೂ ಹಾಗೇ ಮಾಡಿದ್ದರಂತೆ. ನಿಜವಾ?

ಉತ್ತರ: ನಿಜವಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಅದಕ್ಕೇ ಈ ಸಲ ಆ ಪತ್ರಕರ್ತರ ಕಥೆಯನ್ನೇ ಪೂರ್ತಿ ಹೇಳಿಬಿಡುತ್ತೇನೆ.

ಅವರು ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್. 1971ರ ಜುಲೈನಲ್ಲಿ ಬೀಜಿಂಗ್‌ನಲ್ಲಿದ್ದಾಗ ಅವರಿಗೆ ಅಪೆಂಡಿಕ್ಸ್ ತೊಂದರೆ ಆಯಿತು, ಅಲ್ಲೇ ಆಪರೇಷನ್ ಮಾಡಿದರು. ಅದಕ್ಕೆ ಮೊದಲು ಮೈ ಮರಗಟ್ಟಿಸಲು ಕೊಟ್ಟದ್ದು ಕ್ಸೈಲೋಕೇನ್ ಮತ್ತು ಬೆಂಜೋಕೇನ್ ಇಂಜೆಕ್ಷನ್. ಹಾಗಂತ ಬರೆದವರು ಸ್ವತಃ ರೆಸ್ಟನ್. ಜುಲೈ 26ರ ಪತ್ರಿಕೆಯಲ್ಲಿ ಅದು ಅಚ್ಚಾಗಿದೆ.

ಹಾಗಾದರೆ ಸೂಜಿ ಬಂದದ್ದು ಯಾವಾಗ? ಆಪರೇಷನ್ ಆದ ಎರಡನೇ ರಾತ್ರಿ. ಹೊಟ್ಟೆ ಉಬ್ಬರಿಸಿ ಸಂಕಟವಾಗುತ್ತಿತ್ತು. ಬಲ ಮೊಣಕೈಗೆ ಮತ್ತು ಮೊಣಕಾಲಿನ ಕೆಳಗೆ ಒಟ್ಟು ಮೂರು ಉದ್ದನೆಯ ತೆಳು ಸೂಜಿ ಚುಚ್ಚಿ ತಿರುಗಿಸಿದರು. ಜೊತೆಗೆ ಒಂದು ಒಣ ಸೊಪ್ಪಿನ ತುಂಡುಗಳನ್ನು ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದರು. ಅದು ನಮ್ಮ ಮಾಚಿಪತ್ರೆಯ ಜಾತಿಯದೇ ಸೊಪ್ಪು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು. ನಡೆದದ್ದು ಇಷ್ಟೇ. ಹೊಟ್ಟೆ ಉಬ್ಬರದ ಚಿಕಿತ್ಸೆ ಬಾಯಿಂದ ಬಾಯಿಗೆ ಹೋಗುತ್ತಾ ಅರಿವಳಿಕೆ ಇಲ್ಲದ ಆಪರೇಷನ್ ಆಗಿಬಿಟ್ಟಿತು!

"ಟಿವಿಯಲ್ಲೇ ನೋಡಿದ್ದೇವೆ ಸಾರ್" ಅನ್ನುವವರೂ ಇದ್ದಾರೆ. 2006ರಲ್ಲಿ ಬಿಬಿಸಿ, ಶಾಂಘೈನಲ್ಲಿ ಸೂಜಿ ಚುಚ್ಚಿಕೊಂಡು ಎಚ್ಚರವಿದ್ದ ಹೆಣ್ಣುಮಗಳೊಬ್ಬಳಿಗೆ ಹೃದಯದ ಆಪರೇಷನ್ ಮಾಡುವುದನ್ನು ತೋರಿಸಿತ್ತು. ಆಕೆಗೂ ಮಂಪರಿನ ಔಷಧಿ ಕೊಟ್ಟಿದ್ದರು. ಎದೆಗೆ ಮರಗಟ್ಟಿಸುವ ಇಂಜೆಕ್ಷನ್ನೂ ಧಾರಾಳವಾಗಿ ಬಿದ್ದಿತ್ತು. ಕಣ್ಣು ಸೆಳೆಯುವುದು ಸೂಜಿ. ಕೆಲಸ ಮಾಡಿದ್ದು ಔಷಧಿ. ದಯವಿಟ್ಟು ಇಂಥ ವಿಡಿಯೋ ನಂಬಿ ಯಾರೂ ಡಾಕ್ಟರ ಹತ್ತಿರ ಅರಿವಳಿಕೆ ಬೇಡ ಅಂತ ಹಟ ಹಿಡಿಯಬೇಡಿ.

ಹಾಗಂತ ಸೂಜಿಯಿಂದ ಏನೂ ಆಗುವುದಿಲ್ಲ ಅಂತಲ್ಲ. ಜರ್ಮನಿಯಲ್ಲಿ ಬಹಳ ದಿನಗಳಿಂದ ಸೊಂಟನೋವಿದ್ದ 1162 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿಯಾದ ಬಿಂದುಗಳಿಗೆ, ಅಂದರೆ ಈ ಚಿಕಿತ್ಸೆಯಲ್ಲಿ ಸೂಜಿ ಚುಚ್ಚಲೆಂದು ಮೈಮೇಲೆ ಗೊತ್ತುಮಾಡಿರುವ ಜಾಗಗಳಿಗೆ, ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4. ಆದರೆ ಬಿಂದುಗಳನ್ನು ಬಿಟ್ಟು ಬೇರೆ ಕಡೆ ಸುಮ್ನೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಮಂದಿಗೆ ಗುಣವಾಗಿತ್ತು! ನೋವಿಗೆ ಆರಾಮ ಸಿಗಬಹುದು, ಆದರೆ ಅದು ಆ ಬಿಂದುಗಳ ಮಹಿಮೆ ಅನ್ನಲು ಆಧಾರ ಸಾಲದು. ನನಗಂತೂ ಇದು ಆಪರೇಷನ್ ಕಥೆಗಿಂತ ಜಾಸ್ತಿ ಕುತೂಹಲದ ವಿಷಯ.

ಇನ್ನು ಯಾರೂ ಕೇಳದ ಒಂದು ಮಾತು. ಆ ಕೂದಲೆಳೆಯಂಥ ಸೂಜಿ ಸಾವಿರಾರು ವರ್ಷಗಳಿಂದ ಹಾಗೇ ಇದೆ ಅಂದುಕೊಂಡಿದ್ದೀರಿ, ಅಲ್ವಾ? ಎರಡು ಸಾವಿರ ವರ್ಷ ಹಳೆಯ ಚೀನೀ ವೈದ್ಯಗ್ರಂಥ ಒಂಬತ್ತು ಬಗೆಯ ಸೂಜಿ ಹೇಳುತ್ತದೆ. ಅದರಲ್ಲಿ ಕೀವು ತೆಗೆಯಲು ಕತ್ತಿಯ ಆಕಾರದ್ದೂ ಇದೆ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿ ಚಿಕಿತ್ಸೆಯನ್ನು ಹೊರಗೆ ಹಾಕಿದ. ಮತ್ತೆ ಅದಕ್ಕೆ ಜೀವ ತುಂಬಿದವರಲ್ಲಿ ಮುಖ್ಯರು ಚೆಂಗ್ ಡಾನ್ ಆನ್ ಎಂಬ ವೈದ್ಯರು. 1930ರ ದಶಕದಲ್ಲಿ ಅವರು ಅಂಗರಚನಾಶಾಸ್ತ್ರ ಓದಿಕೊಂಡು, ರಕ್ತನಾಳದ ಮೇಲೆ ಬೀಳುತ್ತಿದ್ದ ಬಿಂದುಗಳನ್ನು ಪಕ್ಕಕ್ಕೆ ಸರಿಸಿದರು. ದಪ್ಪ ಸೂಜಿ ಬಿಡಿಸಿ ತೆಳು ಸೂಜಿ ರೂಢಿ ಮಾಡಿಸಿದವರೂ ಅವರೇ. ಇವತ್ತು ಪ್ಯಾಕೆಟ್ ಒಡೆದು ಚುಚ್ಚುವ ಸೂಜಿಯ ರೂಪಕ್ಕೆ ಇನ್ನೂ ನೂರು ವರ್ಷ ತುಂಬಿರುವುದೂ ಕಷ್ಟ.